ಕಡಿತದ ಅಚ್ಚು

ಸೂಪರ್ ಮಾರ್ಕೆಟ್ ಓಣ್ಯಾಗ, ಬಳಿ ಅಂಗಡಿ ಮ್ಯಾಲ
ನನ್ನ ಖೋಲಿ. ಹಗಲೆಲ್ಲ ಮಂದಿ ಹಲ್ಲು ಮಾಡ್ತೀನಿ.
ಡಾಕ್ಟರು ಕಳಿಸಿದ ಪ್ಲಾಸ್ಟರ್ ದವಡಿ,
ಮೇಣದ ತುಂಡಿನಾಗ ಕಚ್ಚಿದ ಗುರ್ತು, ಒಂದು ಚೀಟಿ,
ಚೀಟಿ ಮ್ಯಾಲ ಹೆಸರು. ಮುಖ ನೋಡಿಲ್ಲ ಒಬ್ಬರದೂ.

ಸಂಜಿಗಿ ಗುಲಾಬಿ ಒಸಡಿನ ಡಬ್ಬಿ ಮುಚ್ಚಿ
ಖಾನ್ಯಾಗಿಂದ ಮೀನು ತಗೀತೀನಿ:
ತೊಗರಿ ಕಟ್ಟಿಗಿ ಬುಡದಾಗ ಕೆತ್ತಿದ್ದು, ಬೆರಳುದ್ದ,
ಹಲ್ಲಿಗಿ ಹೊಳಪು ಕೊಡೋ ಪುಡೀಲೇ ತಿಕ್ಕಿದ್ದು.
ಮದಲು ಬಿಳಿ ಕೈ. ಒಣಗಬೇಕು. ಬೆನ್ನಿಗಿ ಹಸರು.
ಉಳ್ಳಾಗಡ್ಡಿ ಚೀಲದ ಜಾಳಿಗಿ ಬಿಗಿದು
ಮ್ಯಾಲ ಬೆಳ್ಳಿ ಬಣ್ಣ ಊದಿ ಬಿಚ್ಚಿದರ
ಪೊರಿ ಪೊರಿ ಎದ್ದು ಕೂತಿರ್ತದ.
ಕಣ್ಣು ಕಡೀಕ. ಬೆಂಕಿಕಡ್ಡಿ ತುದೀಲೆ ಬಿಳಿ ಬೊಟ್ಟು,
ಅದರಾಗ ಗುಂಡುಸೂಜಿ ತಲಿಯಷ್ಟು ಕಪ್ಪು.
ಕಣ್ಣಿಟ್ಟ ಮ್ಯಾಲ ಅದನ್ನ ಬಕ್ಕಬಾರಲು ಇಡ್ಲಾಕ
ಮನಸ್ಸು ಬರಂಗಿಲ್ಲ.

ಆಮ್ಯಾಲ ವಾರ್ನಿಶ್. ಜಿಗಟು, ನಿಂತಲ್ಲಿ ಇಳೀತದ.
ಅದಕ ಕೂಲರಿನ ಜಾಲರಿ ಆಡಿಸೋ ಸಣ್ಣ ಮೋಟಾರಿಗಿ ಕಟ್ಟೀನಿ,
ನಿಮಿಷಕ್ಕ ನಾಕು ಸುತ್ತು,
ಹಬ್ಬದ ಹಿಂದಿನ ರಾತ್ರಿ ನಿದ್ದಿ ಬರದ ಹುಡುಗನ ಹಂಗ
ಹೊಳ್ಳಾಡ್ತದ.

ಪಂಚರ್ ಅಂಗಡಿ ಲಾಲಹಮ್ಮದ್ ಗಾಳ ತಂದು ಕೊಟ್ಟು ಕೇಳ್ತಾನ:
"ಉಸ್ತಾದ್, ಇಷ್ಟು ಚಂದ ಯಾರಿಗಿ? ಮೀನಿಂದೇನು ಲಗ್ನ ಅದ?"
ಹನ್ನೊಂದು ಮಾಡೀನಿ.
ಬೆಣ್ಣೆತೊರೆಯ ಹಿನ್ನೀರಿನಾಗ ಹನ್ನೊಂದೂ ಈಸಾಡಿ ಬಂದಾವ.
ಒಂದಕ್ಕೂ ಗೀರು ಬಿದ್ದಿಲ್ಲ.

ಕಸ್ತೂರಬಾಯಿ ಅಂತ ಚೀಟಿ. ಸೆಟ್ಟು ಮೂರು ಸಲ ವಾಪಸ್ ಬಂತು.
"ಸರಿಯಿಲ್ಲ" ಅಂತಷ್ಟೇ ಬರದಿದ್ರು ಡಾಕ್ಟರು.
ನಾಕನೇ ಸಲ ಆಕಿನೇ ಮೆಟ್ಟಲ ಹತ್ತಿ ಬಂದಳು,
ಸೆರಗಿಲೆ ಬಾಯಿ ಮುಚ್ಚಿ, ಕುಂತು, ದಮ್ಮು ಹಿಡದು:
"ಎಲ್ಲಾ ಜ್ವಾಳದ ಕಾಳು ಪೋಣಿಸಿದಂಗ ಅವ ತಮ್ಮಾ.
ನಂದೊಂದು ಮುಂದಿನ ಹಲ್ಲು ಸೊಟ್ಟ ಇತ್ತು. ಎಡಕ್ಕ.
ಮೊಮ್ಮಗಳು ನನ್ನ ನೋಡಿ 'ಯಾರೀ ನೀವು' ಅಂತಾಳ."
ಒಂದು ಹಲ್ಲು ಕಿತ್ತು ಎಡಕ್ಕ ತಿರುವಿ ಕೂಡಿಸಿದೆ,
ಎಲಿ ಅಡಿಕಿ ಬಣ್ಣದ್ದೊಂದು ಸಣ್ಣ ಗೆರಿ ಎಳದೆ,
ಕನ್ನಡಿ ಕೊಟ್ಟೆ.
ಆಕಿ ಏನೂ ಅನ್ನಲಿಲ್ಲ. ರೊಕ್ಕ ಎಣಿಸಿದಳು, ಎರಡು ಸಲ.

ಅವತ್ತೇ ರಾತ್ರಿ ಕರೆಂಟ್ ಹೋಯ್ತು.
ಮೇ ತಿಂಗಳು, ಗ್ವಾಡಿ ಮುಟ್ಟಿದರ ಹಂಚು.
ಮೋಟಾರ್ ನಿಂತು, ಹನ್ನೆರಡನೇ ಮೀನಿನ ವಾರ್ನಿಶ್ ಎಲ್ಲ
ಹೊಟ್ಟಿ ಕೆಳಗ ಇಳದು, ಮುಂಜಾನಿ ಗಂಟಾಗಿ ಕೂತಿತ್ತು.
ಉಜ್ಜಿ ತಗೀಬಹುದಿತ್ತು, ಅರ ಕೈಯಾಗೇ ಇತ್ತು.
ಹಂಗೇ ಬಿಟ್ಟೆ. ಯಾಕ ಅಂತ ಕೇಳಬ್ಯಾಡ್ರಿ.

ಆದಿತವಾರ. ನೀರು ಹಿಂದ ಸರದು ದಂಡಿಗಿ ಕರಿ ಮಣ್ಣು ಬಿರಿದಿತ್ತು.
ಗಂಟಿನ ಮೀನು ನೆಟ್ಟಗ ಈಸಲಿಲ್ಲ,
ಒಂದು ಮಗ್ಗಲಾಗಿ, ಕುಂಟಿ, ನಿಂತು, ಮತ್ತ ಕುಂಟಿ.
ಜಾಲಿ ನೆರಳಿನಾಗ ನೀರು ಒಮ್ಮೆ ಒಡೀತು.
ಕೊರಮೀನು! ತೋಳಿನಷ್ಟು! ಕೋಲು ಬಾಗಿ, ಲಾಲಹಮ್ಮದ್ ಚೀರಿ,
ಆಮ್ಯಾಲ ಏನಿಲ್ಲ.
ದಾರ ಹಗೂರಾಯ್ತು.

ಅಂವಾ ಇನ್ನೂ ಬೈಲತ್ತಾನ ಆ ಮೀನಿಗಿ, ಕೂಡೇ ನನಗೂ.
ನಾನು ಅಂಗೈ ಮ್ಯಾಲ ಇಟ್ಟು ನೋಡ್ಲತ್ತೀನಿ:
ಹಸರು ಬೆನ್ನಿಗಿ ಆರು ಗೀರು, ಹೊಟ್ಟಿಗಿ ನಾಕು ತೂತು,
ವಾರ್ನಿಶ್ ಒಡದು ಬಿಳಿ ಕಂಡದ, ಬಿಳಿ ಒಡದು ತೊಗರಿ ಕಟ್ಟಿಗಿ.
ಮ್ಯಾಲಿನ ದವಡಿ ಸಣ್ಣದು. ಬಲಕ್ಕ ಒಂದು ಹಲ್ಲು ಇಲ್ಲ ಅದಕ.
ಇಪ್ಪತ್ತು ವರ್ಷ ಮೇಣದ ಮ್ಯಾಲ ಕಡಿತ ಓದಿದ ಕಣ್ಣು, ತಪ್ಪಂಗಿಲ್ಲ.

ಮತ್ತ ಬಣ್ಣ ಹಚ್ಚಿಲ್ಲ.
ಪ್ಲಾಸ್ಟರ್ ದವಡಿಗಳ ಸಾಲಿನಾಗ ಇಟ್ಟೀನಿ, ಕಸ್ತೂರಬಾಯಿ ಬಾಜೂಕ.
ಎಲ್ಲಕ್ಕೂ ಚೀಟಿ ಅದ.
ಇದಕ್ಕ ಏನು ಬರೀಲಿ ಅಂತ ಪೆನ್ನಿನ ಟೊಪ್ಪಿಗಿ ತಗದು ಕುಂತೀನಿ.
ಕೆಳಗ ಬಳಿ ಇಡಿಸೋ ಹೆಣ್ಮಗಳು ಯಾರಿಗೋ
"ಕೈ ಸಡಲ ಬಿಡವ್ವಾ, ಸಡಲ ಬಿಡು" ಅಂತಾಳ.
ಮೋಟಾರ್ ತಿರಗಲತ್ತದ, ಖಾಲಿ.